ಏಕಹರಳು ಬೆಳೆಸುವ ವಿಧಾನವನ್ನು ಆರಿಸಿಕೊಳ್ಳುವುದು ಹೇಗೆ?

ಏಕಹರಳು, ಅಂದರೆ ಉದ್ದಕ್ಕೂ ಒಂದೇ ಜೋಡಣೆಯ ಇಡಿಯ ಹರಳು, ಬೆಳೆಸಲು ಹೊರಟವರು ಉಪಕರಣ ಹುಡುಕುವ ಮೊದಲು ವಸ್ತುವಿನ ವಿಲೇಯತೆಯ ರೇಖೆಯನ್ನು, ಅಂದರೆ ಯಾವ ಉಷ್ಣತೆಯಲ್ಲಿ ಎಷ್ಟು ಕರಗುತ್ತದೆಂದು ತೋರಿಸುವ ನಕ್ಷೆಯನ್ನು, ನೋಡಬೇಕು. ನೂರು ಗ್ರಾಂ ನೀರಿನಲ್ಲಿ ಅಡುಗೆ ಉಪ್ಪು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 36 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲೂ ಕರಗುವುದು 39 ಗ್ರಾಂ ಅಷ್ಟೇ. ಅದನ್ನು ತಣಿಸಿ ಫಲವಿಲ್ಲ, ನಿಧಾನವಾಗಿ ಆವಿಯಾಗಲು ಬಿಡಬೇಕು. ಪಟಿಕವಾದರೋ 20ರಿಂದ 50 ಡಿಗ್ರಿಗೆ ಏರಿಸುವಷ್ಟರಲ್ಲಿ ಇಮ್ಮಡಿಗೂ ಮಿಕ್ಕಿ ಕರಗುವುದರಿಂದ ತಣಿಸುವ ವಿಧಾನ ಅದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಪಟಿಕದ ದ್ರಾವಣವನ್ನು 40 ಡಿಗ್ರಿಯಲ್ಲಿ ಪರ್ಯಾಪ್ತಗೊಳಿಸಿ (ಇನ್ನು ಕರಗದು ಎನ್ನುವಷ್ಟು ಪಟಿಕ ಕರಗಿಸಿ), ಬಿಸಿಯಿರುವಾಗಲೇ ಸೋಸಿ, ಎರಡು ಮೂರು ಡಿಗ್ರಿ ಹೆಚ್ಚಿಸಿದ ಮೇಲೆಯೇ ಬೀಜಹರಳನ್ನು (ದೊಡ್ಡದಾಗಿ ಬೆಳೆಯಬೇಕಾದ ಪುಟ್ಟ ಹರಳನ್ನು) ಇಳಿಬಿಡಿ. ಆಗ ಬೀಜದ ಮೈಗೆ ಅಂಟಿದ ಪುಡಿ ಕರಗಿ, ಸ್ವಚ್ಛವಾದ ಮುಖಗಳು ಉಳಿಯುತ್ತವೆ. ಹತ್ತಿಯ ದಾರ ಬೇಡ, ಅದರ ಒಂದೊಂದು ನಾರಿನ ಮೇಲೂ ಹರಳು ಹುಟ್ಟುತ್ತದೆ. ಗಾಳದ ನೈಲಾನ್ ಎಳೆ ಸಾಕು. ಆಮೇಲೆ ದಿನಕ್ಕೆ ಅರ್ಧ ಡಿಗ್ರಿಗಿಂತ ಹೆಚ್ಚು ತಣಿಸಬಾರದು. ಅವಸರಪಟ್ಟರೆ ದ್ರಾವಣವೇ ಹರಳಿನೊಳಗೆ ಸಿಕ್ಕಿಕೊಂಡು ಹಾಲಿನಂಥ ಬಿಳಿ ಪೊರೆ ಕಾಣಿಸುತ್ತದೆ. ಒಮ್ಮೆ ರಾತ್ರಿ ಕರೆಂಟ್ ಹೋಗಿ ನನ್ನ ಹೀಟರ್ ಆರಿತು. ಬೆಳಗ್ಗೆ ನೋಡಿದರೆ ಬೀಕರಿನ ತಳದಲ್ಲಿ ಸಕ್ಕರೆ ಚೆಲ್ಲಿದಂತೆ ನೂರಾರು ಹರಳುಗಳು. ಅಂದಿನಿಂದ ಬೀಕರನ್ನು ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿಟ್ಟು, ಸುತ್ತ ಥರ್ಮೋಕೋಲ್ ಹೊದಿಸುತ್ತೇನೆ.

ಕ್ಯಾಲ್ಸಿಯಂ ಟಾರ್ಟ್ರೇಟ್ ನೀರಿನಲ್ಲಿ ಕರಗುವುದೇ ಅತ್ಯಲ್ಪವಾದ್ದರಿಂದ ಈ ಎರಡೂ ವಿಧಾನ ಅದಕ್ಕೆ ನಡೆಯುವುದಿಲ್ಲ. ಸೋಡಿಯಂ ಸಿಲಿಕೇಟ್ ದ್ರಾವಣಕ್ಕೆ ಟಾರ್ಟಾರಿಕ್ ಆಮ್ಲ ಬೆರೆಸಿ ಜೆಲ್ ಗಟ್ಟಿಯಾಗಲು ಬಿಟ್ಟು, ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವನ್ನು ಪ್ರನಾಳದ ಗೋಡೆಯಗುಂಟ ಮೆಲ್ಲನೆ ಸುರಿಯಬೇಕು. ಅಯಾನುಗಳು ಜೆಲ್ಲಿನೊಳಗೆ ತಡವಾಗಿ ಸಂಧಿಸುವುದರಿಂದ ಬಿಳಿ ಪುಡಿಯ ಬದಲು ಪಾರದರ್ಶಕ ಹರಳು ಮೂಡುತ್ತದೆ. ಹರಳುಗಳ ಸಂಖ್ಯೆ ಹೆಚ್ಚಾಯಿತೆನಿಸಿದರೆ ಮೇಲಿನ ದ್ರಾವಣವನ್ನು ತೆಳುಗೊಳಿಸಿ.

ಸಿಲಿಕಾನ್ ವಿಭಜನೆಯಾಗದೆ 1414 ಡಿಗ್ರಿಯಲ್ಲಿ ಕರಗಿ ದ್ರವವಾಗುವುದರಿಂದ, ಬೀಜವನ್ನು ದ್ರವಕ್ಕೆ ತಾಗಿಸಿ ತಿರುಗಿಸುತ್ತ ಮೇಲೆತ್ತುವ ಚೊಕ್ರಾಲ್ಸ್ಕಿ ವಿಧಾನ ಅದಕ್ಕೆ ಸಲ್ಲುತ್ತದೆ. ಬೆಣಚು ಹಾಗಲ್ಲ. 573 ಡಿಗ್ರಿಯಲ್ಲಿ ಅದರ ರಚನೆಯೇ ಬದಲಾಗುವ ಕಾರಣ ಕರಗಿಸಿ ಬೆಳೆಸುವ ಮಾತೇ ಇಲ್ಲ. ಆಟೋಕ್ಲೇವ್‌ನಲ್ಲಿ (ಒತ್ತಡ ತಾಳುವ ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ) ಕ್ಷಾರೀಯ ನೀರನ್ನು ಅಧಿಕ ಒತ್ತಡದಲ್ಲಿ ಸುಮಾರು 350 ಡಿಗ್ರಿಗೆ ಕಾಯಿಸಿ, ಬೆಣಚಿನ ಚೂರುಗಳನ್ನು ಬಿಸಿಯಾದ ತಳದಲ್ಲೂ ಬೀಜವನ್ನು ತುಸು ತಂಪಾದ ಮೇಲ್ಭಾಗದಲ್ಲೂ ಇಡುತ್ತಾರೆ.