ನಾಕೌಟ್ ಪಂದ್ಯದಲ್ಲಿ ಆಟದ ವೇಗ: ಬಾಸ್ಕೆಟ್‌ಬಾಲ್ ಅಂಕಣದಲ್ಲಿ ನಾವು ಮಾಡುವುದು ಹೀಗೆ

ಬೆಂಚಿನಿಂದ "ನಿಧಾನ, ನಿಧಾನ" ಎಂದು ಕೂಗಿದರೆ ಹುಡುಗರು ನಿಧಾನ ಮಾಡುತ್ತಾರೆ, ನಿಜ. ಇಪ್ಪತ್ತನೇ ಸೆಕೆಂಡಿಗೆ ಗಾಬರಿಬಿದ್ದು ದೂರದಿಂದ ಒಂದು ಎಸೆಯುತ್ತಾರೆ, ಚೆಂಡು ರಿಂಗಿಗೆ ಬಡಿದು ದೂರ ಚಿಮ್ಮುತ್ತದೆ, ಎದುರಾಳಿ ಓಡಿಹೋಗಿ ಲೇ-ಅಪ್ (ರಿಂಗಿನ ಹತ್ತಿರ ಓಡಿಬಂದು ಹಾಕುವ ಶಾಟ್) ಹಾಕುತ್ತಾನೆ. ವೇಗ ಇಳಿಸಲು ಹೋಗಿ ಏರಿಸಿದಂತಾಯಿತು. ಆದ್ದರಿಂದ ಹಾಸನದ ಪ್ರೌಢಶಾಲಾ ತಂಡಕ್ಕೆ ನಾವು "ನಿಧಾನ" ಎಂಬ ಮಾತನ್ನೇ ಹೇಳುವುದಿಲ್ಲ. ಸೆಕೆಂಡು ಹೇಳುತ್ತೇವೆ.

ಮೊದಲು ಲೆಕ್ಕ. 10 ನಿಮಿಷದ ಕ್ವಾರ್ಟರ್ ಎಂದರೆ 600 ಸೆಕೆಂಡು. ಒಂದೊಂದು ಸರದಿ (ಚೆಂಡು ಒಂದು ತಂಡದ ಕೈಯಲ್ಲಿರುವಷ್ಟು ಹೊತ್ತು) 15 ಸೆಕೆಂಡಿಗೆ ಮುಗಿದರೆ ಒಟ್ಟು 40, ಅಂದರೆ ಒಂದು ತಂಡಕ್ಕೆ 20 ಸರದಿ ಸಿಗುತ್ತವೆ. 20 ಸೆಕೆಂಡಿಗೆ ಮುಗಿದರೆ 15. ಎದುರಾಳಿ ನಮಗಿಂತ ಎತ್ತರ, ನಮಗಿಂತ ಜೋರು ಓಟಗಾರರಾದರೆ ಸರದಿ ಕಡಿಮೆಯಾದಷ್ಟೂ ನಮಗೆ ಲಾಭ. ಮೈಸೂರು ವಿಭಾಗ ಮಟ್ಟಕ್ಕೆ ಹೋದಾಗ ಬಹುಪಾಲು ಇದೇ ಸ್ಥಿತಿ. ನಾವೇ ಬಲವಾಗಿದ್ದರೆ ಉಲ್ಟಾ, ಸರದಿ ಹೆಚ್ಚಿಸಬೇಕು. ಬೆಂಚಿನಲ್ಲಿ ಒಬ್ಬ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು ಪ್ರತಿ ಸರದಿಗೆ ಒಂದು ಗೀಟು ಹಾಕಿಸುತ್ತೇವೆ. ಐದು ನಿಮಿಷಕ್ಕೆ ನಮ್ಮ ಕಡೆ ಹತ್ತು ಗೀಟು ದಾಟಿದರೆ ಆಟ ಅವರ ಕೈಯಲ್ಲಿದೆ ಎಂದರ್ಥ.

ಒಂದು ಸರದಿಯಲ್ಲಿ ಶಾಟ್ ಹೊಡೆಯಲು ಸಿಗುವ 24 ಸೆಕೆಂಡನ್ನು ಹೀಗೆ ಒಡೆಯುತ್ತೇವೆ; ಗಡಿಯಾರ 24ರಿಂದ ಕೆಳಗೆ ಇಳಿಯುತ್ತದೆ. ಮಧ್ಯದ ಗೆರೆ ದಾಟಲು ನಿಯಮ ಕೊಡುವುದು 8 ಸೆಕೆಂಡು. ನಾವು 5ರಲ್ಲೇ ದಾಟುತ್ತೇವೆ. ಸಮಯ ಉಳಿಸುವ ನೆಪದಲ್ಲಿ ಹಿಂದೆಯೇ ಸುತ್ತುವ, ಚೆಂಡು ಮುಂದೆ ತರಬೇಕಾದ ಗಾರ್ಡ್‌ಗೆ ಸೈಡ್ ಲೈನ್ ಹತ್ತಿರ ಇಬ್ಬರು ಮುತ್ತಿಗೆ ಹಾಕಿದರೆ ಮುಗಿಯಿತು. ದಾಟಿದ ಮೇಲೆ ಗಡಿಯಾರ 10ಕ್ಕೆ ಬರುವವರೆಗೆ ಪಾಸ್ ಓಡಾಡುತ್ತಿರಬೇಕು. ಲೇ-ಅಪ್ ಬಿಟ್ಟರೆ ಶಾಟ್ ಇಲ್ಲ. 10ಕ್ಕೆ ಸ್ಕ್ರೀನ್ (ಜೊತೆಗಾರನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲುವುದು). ಗಡಿಯಾರ 5ಕ್ಕೆ ಬರುವುದರೊಳಗೆ ಶಾಟ್ ಕೈಬಿಟ್ಟಿರಬೇಕು. ಎಲ್ಲ ತಂಡಗಳೂ ಎಡವುವುದು ಈ ಹತ್ತರಲ್ಲೇ. ಸ್ಕ್ರೀನ್ 6ಕ್ಕೆ ಶುರುವಾದರೆ ಎರಡನೇ ಪಾಸಿಗೆ ಸಮಯವೇ ಉಳಿಯುವುದಿಲ್ಲ. ನಮ್ಮ ಕಡೆಯ ಸಿಮೆಂಟ್ ಅಂಕಣಗಳಲ್ಲಿ 24 ಸೆಕೆಂಡಿನ ಬೋರ್ಡ್ ಇಲ್ಲದಿದ್ದರೆ ಬದಲಿ ಆಟಗಾರನೊಬ್ಬ ಸ್ಟಾಪ್‌ವಾಚ್ ಹಿಡಿದು "ಹತ್ತು" ಎಂದು ಕೂಗುತ್ತಾನೆ. ಟೇಬಲ್ಲಿನವರ ಗಡಿಯಾರಕ್ಕೂ ನಮ್ಮದಕ್ಕೂ ಒಂದೆರಡು ಸೆಕೆಂಡು ವ್ಯತ್ಯಾಸ ಬಂದೇ ಬರುತ್ತದೆ, ಹಾಗಾಗಿ ಅಲ್ಲಿ ಎಲ್ಲವನ್ನೂ 2 ಸೆಕೆಂಡು ಮುಂಚೆ.

ಡ್ರಿಬಲ್ ನಿಲ್ಲಿಸಿ ಚೆಂಡು ಹಿಡಿದು ನಿಂತವನನ್ನು ಒಂದು ಮೀಟರ್ ಒಳಗೆ ಒಬ್ಬ ಅಡ್ಡಗಟ್ಟಿದರೆ 5 ಸೆಕೆಂಡಿನ ಎಣಿಕೆ ಶುರು. ಪಾಸ್ ಎಲ್ಲಿಗೆ ಎಂದು ಕಾಣುವ ಮೊದಲೇ ಡ್ರಿಬಲ್ ಮುಗಿಸಬೇಡ, ಅಷ್ಟೇ.

ವೇಗ ನಿಜವಾಗಿ ತಪ್ಪಿಹೋಗುವುದು ನಮ್ಮ ಶಾಟ್ ಮಿಸ್ ಆದ ಮೇಲಿನ ಎರಡು ಸೆಕೆಂಡಿನಲ್ಲಿ. ಐವರೂ ರಿಬೌಂಡಿಗೆ (ಚಿಮ್ಮಿ ಬಂದ ಚೆಂಡಿಗೆ) ನುಗ್ಗಿದರೆ ಹಿಂದೆ ಅಂಕಣ ಖಾಲಿ. ನಮ್ಮಲ್ಲಿ ಚೆಂಡು ಕೈಬಿಟ್ಟ ಕ್ಷಣವೇ ಪಾಯಿಂಟ್ ಗಾರ್ಡ್ ಮಧ್ಯದ ಗೆರೆಗೆ, ಇನ್ನೊಬ್ಬ ಗಾರ್ಡ್ ಮೂರು ಪಾಯಿಂಟ್ ಗೆರೆಯ ಹೊರಗೆ, ಉಳಿದ ಮೂವರು ರಿಂಗಿನ ಬೋರ್ಡಿಗೆ. ಚೆಂಡು ಅವರಿಗೆ ಸಿಕ್ಕಿದರೆ ಹತ್ತಿರವಿದ್ದವನು ಕೈ ಎತ್ತಿ ಅವನ ಮುಖದೆದುರು ನಿಲ್ಲಬೇಕು, ಕಿತ್ತುಕೊಳ್ಳಲು ಹೋಗಬಾರದು. ಮೊದಲ ಪಾಸ್ ಎರಡು ಸೆಕೆಂಡು ತಡವಾದರೆ ಸಾಕು, ಅವರ ದಿಢೀರ್ ಓಟ, ಅಂದರೆ ಫಾಸ್ಟ್‌ಬ್ರೇಕ್ ಸತ್ತಂತೆ. ರಿಬೌಂಡ್ ನಮಗೇ ಸಿಕ್ಕರೆ ಗಡಿಯಾರ 14ಕ್ಕೆ ಬರುತ್ತದೆ; ರಿಂಗಿನ ಕೆಳಗೆ ಯಾರೂ ಇಲ್ಲದಿದ್ದರೆ ಹಾಕು, ಇಲ್ಲವೇ ಹೊರಗೆ ಕೊಡು. ಓಡುವವನನ್ನು ಹಿಂದಿನಿಂದ ಎಳೆದು ನಿಲ್ಲಿಸುವ ಹಳೇ ಚಾಳಿ ಈಗ ದುಬಾರಿ: ರೆಫರಿ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಕೊಟ್ಟರೆ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಅವರದೇ.

ವೇಗ ಬದಲಿಸಲು ಎರಡೇ ಪದ. "ಬೈಪಾಸ್" ಎಂದರೆ ಓಡು, "ಘಾಟಿ" ಎಂದರೆ ಗೇರ್ ಇಳಿಸು. ಸಕಲೇಶಪುರದಿಂದ ಶಿರಾಡಿ ಇಳಿದವರಿಗೆ ಎರಡನೆಯದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಹಿಂದಿದ್ದು ಬೈಪಾಸ್ ಕೂಗಿದರೂ ಪೂರ್ತಿ ಅಂಕಣದ ಪ್ರೆಸ್ (ಎದುರಾಳಿಯನ್ನು ಅವರ ತುದಿಯಿಂದಲೇ ಒತ್ತುವುದು) ಹಾಕುವುದು ನಮ್ಮ ಫ್ರೀ ಥ್ರೋ ಬಿದ್ದ ಮೇಲೆ ಮಾತ್ರ. ಆಗಷ್ಟೇ ಐವರಿಗೂ ಜಾಗ ಹಿಡಿಯಲು ಪುರಸೊತ್ತು.

ಜುಲೈ, ಆಗಸ್ಟಿನ ಸೋನೆಯಲ್ಲಿ, ಅದರಲ್ಲೂ ಚಿಕ್ಕಮಗಳೂರಿನ ಹೊರಾಂಗಣದಲ್ಲಿ, ವೇಗ ಮಳೆಯೇ ತೀರ್ಮಾನಿಸುತ್ತದೆ. ಒದ್ದೆ ಸಿಮೆಂಟಿನಲ್ಲಿ ಬೌನ್ಸ್ ಪಾಸ್ ಏಳದೆ ಜಾರಿಹೋಗುತ್ತದೆ. ಅಲ್ಲಿ ಚೆಸ್ಟ್ ಪಾಸ್, ಎರಡೂ ಕಾಲಿನ ಮೇಲೆ ನಿಲ್ಲುವುದು, ಬೆಂಚಿನಲ್ಲಿ ನಾಲ್ಕು ಒಣ ಟವೆಲ್.

ಟೈಮ್‌ಔಟ್ ಮೊದಲರ್ಧಕ್ಕೆ 2, ಎರಡನೆಯದಕ್ಕೆ 3. ಉಳಿದದ್ದು ಮುಂದಕ್ಕೆ ಬರುವುದಿಲ್ಲ. ಟಿವಿಯಲ್ಲಿ ಎನ್‌ಬಿಎ ನೋಡಿದ ಹುಡುಗರು ಅಂಕಣದಿಂದಲೇ ಕೈಯಲ್ಲಿ "ಟಿ" ತೋರಿಸುತ್ತಾರೆ, ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಅದು ನಡೆಯದು. ಕೋಚ್ ಟೇಬಲ್ಲಿಗೆ ಹೋಗಿ ಕೇಳಬೇಕು, ಸಿಗುವುದು ಚೆಂಡು ಸತ್ತು ಗಡಿಯಾರ ನಿಂತಾಗ ಇಲ್ಲವೇ ಎದುರಾಳಿ ಬಾಸ್ಕೆಟ್ ಹಾಕಿದಾಗ. ಕೊನೆಯ 2 ನಿಮಿಷಕ್ಕೆ ಗರಿಷ್ಠ 2 ಮಾತ್ರ, ಹಾಗಾಗಿ ಮೂರನೆಯದನ್ನು ಅದಕ್ಕೆ ಮೊದಲೇ ಬಳಸಿಬಿಡಿ. ಆ ಎರಡು ನಿಮಿಷದಲ್ಲಿ ಅವರ ಬಾಸ್ಕೆಟ್ ಆದ ಮೇಲೆ ಟೈಮ್‌ಔಟ್ ಪಡೆದರೆ ಚೆಂಡು ಎಲ್ಲಿಂದ ಎಂಬ ಆಯ್ಕೆ ನಿಮ್ಮದು: ಮುಂದಿನ ಅಂಕಣದಿಂದಾದರೆ (ನಾವು ಬಾಸ್ಕೆಟ್ ಹಾಕುವ ಅರ್ಧ) 14 ಸೆಕೆಂಡು, ಹಿಂದಿನಿಂದಾದರೆ 24. ಒಂದು ಪಾಯಿಂಟ್ ಹಿಂದಿದ್ದರೆ ಮುಂದಿನಿಂದ. ನಾಲ್ಕು ಮುಂದಿದ್ದು ಗಾರ್ಡ್ ಕೈ ಗಟ್ಟಿಯಿದ್ದರೆ ಹಿಂದಿನಿಂದಲೇ, ಆ ಹತ್ತು ಸೆಕೆಂಡು ಬಿಟ್ಟುಕೊಡಬೇಡಿ.