ಜಿಪ್ಸಮ್ ಸೀಲಿಂಗಿಗೆ ಪೇಂಟ್ ಹೊಡ್ಸೋಕ್ ಮುಂಚೆ ಜಾಯಿಂಟ್ ನೋಡ್ರಿ

ದಾವಣಗೆರೆಯಾಗೆ ಈಗ ಹೊಸ ಮನೆ ಅಂದ್ರೆ ಹಾಲಿಗೆ ಜಿಪ್ಸಮ್ ಬೋರ್ಡ್ ಸೀಲಿಂಗ್ ಇರ್ಲೇಬೇಕು ಅನ್ನೋ ಹಂಗಾಗೈತಿ. ಬೋರ್ಡ್ ಹೊಡಿಯೋರೇ ಬೇರೆ ಪೇಂಟ್ ಹೊಡಿಯೋರೇ ಬೇರೆ, ಆಮ್ಯಾಲೆ ಎರಡು ಬೋರ್ಡ್ ಕೂಡೋ ಜಾಯಿಂಟಿನ ಗೆರೆ ಎದ್ದು ಕಾಣ್ತು ಅಂದ್ರೆ ಇವ್ರು ಅವ್ರ ಮ್ಯಾಲೆ ಹಾಕ್ತಾರೆ ಅವ್ರು ಇವ್ರ ಮ್ಯಾಲೆ ಹಾಕ್ತಾರೆ. ಅದಕ್ಕೆ ಬೋರ್ಡಿನೋರ ಲೆಕ್ಕ ಚುಕ್ತಾ ಮಾಡೋಕ್ ಮುಂಚೆ ನೀವೇ ಏಣಿ ಹತ್ರಿ.

ಮೊದ್ಲು ಸ್ಕ್ರೂ. ಪುಟ್ಟಿ ಬ್ಲೇಡ್ ತಗೊಂಡು ಬೋರ್ಡ್ ಮ್ಯಾಲೆ ಎಳೀರಿ, ಟಕ್ ಅಂದ್ರೆ ತಲೆ ಹೊರಗೈತಿ, ಸ್ವಲ್ಪ ಒಳಗೆ ತಿರುಗಿಸ್ರಿ. ಜಾಸ್ತಿ ಒಳಗೋಗಿ ಪೇಪರ್ ಹರಿದಿದ್ರೆ ಆ ಸ್ಕ್ರೂಗೆ ಹಿಡಿತಾನೇ ಇರಲ್ಲ, ಪಕ್ಕದಾಗೆ ಇನ್ನೊಂದು ಹಾಕಿಸ್ರಿ. ಲೈಟಿನ ತೂತೆಲ್ಲ ಈಗ್ಲೇ ಕೊಯ್ಸಿಬಿಡ್ರಿ. ಫ್ಯಾನ್ ಹುಕ್ ಮಾತ್ರ ಮ್ಯಾಲಿನ ಆರ್‌ಸಿಸಿ ಕಾಂಕ್ರೀಟಿಗೇ ಇರ್ಬೇಕು, ಬೋರ್ಡಿಗಲ್ಲ.

ಇನ್ನು ಜಾಯಿಂಟ್, ಕೆಲ್ಸ ಇರೋದೇ ಇಲ್ಲಿ. ಗೋಡೆಗೆ ಹಾಕೋ ವೈಟ್ ಸಿಮೆಂಟ್ ಪುಟ್ಟಿ ಮಿಕ್ಕಿರುತ್ತಲ್ಲ, ಅದನ್ನೇ ಮೆತ್ತಿ ಮುಗಿಸೋರು ಬಾಳ ಜನ, ಬಿಡಬ್ಯಾಡ್ರಿ, ಬೋರ್ಡಿನ ಸಂದಿಗೇ ಅಂತ ಬರೋ ಜಾಯಿಂಟಿಂಗ್ ಕಾಂಪೌಂಡೇ ತರ್ಸಿ. ಟೇಪಿನಾಗೆ ಜಾಲಿ ಟೇಪ್ ಅಂಟ್ಸೋಕೆ ಸುಲಭ, ನನ್ ಕೇಳಿದ್ರೆ ಪೇಪರ್ ಟೇಪೇ ಗಟ್ಟಿ. ಮೊದ್ಲು ಕಾಂಪೌಂಡ್ ತೆಳ್ಳಗೆ ಹಚ್ಚಿ, ಹಸಿ ಇರೋವಾಗ್ಲೇ ಟೇಪ್ ಇಟ್ಟು ಬ್ಲೇಡಿನಿಂದ ಒತ್ತಿ ಎಳೀಬೇಕು, ಒಳಗೆ ಗಾಳಿ ಉಳಿದ್ರೆ ನಾಳೆ ಗುಳ್ಳೆ ಏಳ್ತೈತಿ. ಅದು ಒಣಗಿದ್ ಮ್ಯಾಲೆ ಎರಡನೇ ಕೋಟ್ 6-8 ಇಂಚು ಅಗಲ, ಮೂರನೇದು 10-12 ಇಂಚು, ಅಂಚು ಬೋರ್ಡಿನಾಗೆ ಕರಗಿ ಹೋಗ್ಬೇಕು. ಬೋರ್ಡನ್ನ ಕತ್ತರಿಸಿ ಕೂಡ್ಸಿರೋ ಕಡೆ ಕಂಪನಿ ಅಂಚಿನಂಗೆ ತಗ್ಗಿರಲ್ಲ, ಅಲ್ಲಿ ಇನ್ನೂ ಅಗಲ ಎಳೀಬೇಕು, ಇಲ್ಲಾಂದ್ರೆ ಉಬ್ಬು ಗ್ಯಾರಂಟಿ.

ಕೋಟ್ ಕೋಟಿಗೂ ಪೂರ್ತಿ ಒಣಗಿಸ್ರಿ. ನಮ್ಮೂರ ಏಪ್ರಿಲ್ ಬಿಸಿಲಾಗೆ ಮ್ಯಾಲೆ ಬ್ಯಾಗ ಒಣಗಿದಂಗೆ ಕಾಣ್ತೈತಿ, ದಪ್ಪ ಹಾಕಿದ್ರೆ ಒಳಗೆ ಹಸಿನೇ ಇರ್ತೈತಿ, ಆಮ್ಯಾಲೆ ಕುಗ್ಗಿ ಸೀಳ್ತೈತಿ. ಬಣ್ಣ ಎಲ್ಲಾ ಕಡೆ ಒಂದೇ ಬಿಳಿ ಆಗೋವರ್ಗೂ ಮುಟ್ಟಬ್ಯಾಡ್ರಿ. ಮಳೆಗಾಲದಾಗಂತೂ ಪೇಂಟರ್ ಎಷ್ಟೇ ಅವಸರ ಮಾಡ್ಲಿ.

ಆಮ್ಯಾಲೆ ಮಾಸ್ಕ್ ಹಾಕ್ಕೊಂಡು 150, ಕೊನೆಗೆ 220 ನಂಬರ್ ಎಮರಿ ಪೇಪರ್, ಹಗುರ ಕೈ, ಬೋರ್ಡಿನ ಪೇಪರ್ ನೂಲು ಏಳಬಾರ್ದು. ಸಂಜೆ ಲೈಟ್ ಆರ್ಸಿ ಮೊಬೈಲ್ ಟಾರ್ಚನ್ನ ಸೀಲಿಂಗಿಗೆ ತಾಗ್ಸಿದಂಗೆ ಅಡ್ಡ ಹಿಡೀರಿ, ಹಗಲಾಗೆ ಕಾಣದಿರೋ ತಗ್ಗು-ದಿಣ್ಣೆ ಎಲ್ಲ ನೆರಳು ಬಿಟ್ಟು ತೋರಿಸ್ತಾವೆ. ಅಂಚಿಗೆ ಎಲ್‌ಇಡಿ ಪಟ್ಟಿ ಲೈಟ್ ಹಾಕ್ಸೋರು ಇದನ್ನ ಬಿಡ್ಲೇಬಾರ್ದು, ಆ ಬೆಳಕೂ ಹಿಂಗೇ ಅಡ್ಡ ಬೀಳೋದು.

ಧೂಳು ಒರ್ಸಿ ವಾಟರ್ ಬೇಸ್ ಪ್ರೈಮರ್ ಒಂದು ಕೋಟ್. ಬೋರ್ಡಿನ ಪೇಪರ್ ಒಂಥರಾ ಹೀರ್ತೈತಿ ಕಾಂಪೌಂಡ್ ಇನ್ನೊಂಥರಾ ಹೀರ್ತೈತಿ, ಪ್ರೈಮರ್ ಇಲ್ದೆ ಹೊಡೆದ್ರೆ ಜಾಯಿಂಟ್ ಉದ್ದಕ್ಕೂ ಪಟ್ಟೆ ಬೀಳ್ತೈತಿ. ಒಣಗಿದ್ ಮ್ಯಾಲೆ ಮತ್ತೆ ಟಾರ್ಚ್, ಕಂಡಿದ್ದನ್ನ ತಿದ್ದಿ ಅಷ್ಟಕ್ಕೇ ಪ್ರೈಮರ್ ಮುಟ್ಟಿಸ್ರಿ.

ಪೇಂಟ್ ಮ್ಯಾಟ್ ತಗೊಳ್ರಿ, ಹೊಳಪಿಂದು ಬ್ಯಾಡವೇ ಬ್ಯಾಡ, ಇರೋ ದೋಷ ಎಲ್ಲಾ ಎತ್ತಿ ತೋರಿಸ್ತೈತಿ. ಅಂಚು ಬ್ರಷ್‌ನಾಗೆ ಹೊಡೆದು ಅದು ಹಸಿ ಇರೋವಾಗ್ಲೇ ರೋಲರ್ ಎಳೀಬೇಕು, ನಡುವೆ ಚಾ ಕುಡಿಯೋಕೆ ಇಳಿಯಂಗಿಲ್ಲ. ಫ್ಯಾನ್ ಆಫ್. ಚಿತ್ರದುರ್ಗದ ಕಡೆ ಗಾಳಿ ಫ್ಯಾನಿಗಿಂತ ಜೋರು, ಹೊಡಿಯೋವಾಗ ಕಿಟಕಿನೂ ಹಾಕ್ಕೊಳ್ರಿ, ಮುಗಿದ್ ಮ್ಯಾಲೆ ತಗೀರಿ. ಎರಡು ಕೋಟ್, ಕೊನೇದು ದೊಡ್ಡ ಕಿಟಕಿ ಬೆಳಕು ಬರೋ ದಿಕ್ಕಿಗೇ ಎಳೀರಿ, ರೋಲರ್ ಗೆರೆ ಕಾಣಲ್ಲ. ಗೋಡೆ ಪೇಂಟ್ ಇದಾದ್ ಮ್ಯಾಲೇನೇ ಶುರು ಮಾಡ್ಸಿ.