ಹೆಬ್ಬೆರಳ ಗಂಟಿಗೆ ಸ್ಪ್ಲಿಂಟ್: ಕಟ್ಟುವ ಬಗೆ, ಬಿಚ್ಚುವ ಹೊತ್ತು

ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲಿ, ಅದರ ಬುಡದ ಕೀಲು ಪಾದದ ಒಳಬದಿಯಲ್ಲಿ ಗಂಟಿನಂತೆ ಹೊರಚಾಚುವುದನ್ನು ಬನಿಯನ್ ಎನ್ನುತ್ತಾರೆ. ವೈದ್ಯರು ಹ್ಯಾಲಕ್ಸ್ ವ್ಯಾಲ್ಗಸ್ ಎಂದು ಬರೆಯುತ್ತಾರೆ. ಹೊಸ ಎಲುಬು ಬೆಳೆದಂತೆ ಕಂಡರೂ, ಮುಖ್ಯವಾಗಿ ಆಗಿರುವುದು ಸ್ಥಾನಪಲ್ಲಟ. ಬೆರಳಿನ ಹಿಂದಿನ ಉದ್ದೆಲುಬು ಒಳಬದಿಗೆ ಸರಿದಿರುತ್ತದೆ, ಬೆರಳು ಹೊರಬದಿಗೆ ತಿರುಗಿರುತ್ತದೆ.

ಸ್ಪ್ಲಿಂಟ್ ಎಂದರೆ ವಾಲಿದ ಬೆರಳನ್ನು ನೇರಕ್ಕೆ ಹಿಡಿದಿಡಲು ಪಾದಕ್ಕೆ ಕಟ್ಟಿಕೊಳ್ಳುವ ಸಾಧನ. ಅದನ್ನು ಕೊಳ್ಳುವ ಮೊದಲೇ ಒಂದು ಮಾತು ತಿಳಿದಿರಬೇಕು. ವಯಸ್ಕರಲ್ಲಿ ಅದು ಎಲುಬನ್ನು ಶಾಶ್ವತವಾಗಿ ನೆಟ್ಟಗೆ ಮಾಡುವುದಿಲ್ಲ. ಕಟ್ಟಿಕೊಂಡಷ್ಟು ಹೊತ್ತು ಬೆರಳನ್ನು ಸರಿಯಾದ ಸಾಲಿನಲ್ಲಿ ಹಿಡಿದು, ಕೀಲಿನ ಸುತ್ತಲಿನ ಎಳೆತವನ್ನು ಸಡಿಲಿಸಿ, ಕೆಲವರಿಗೆ ನೋವು ಕಡಿಮೆ ಮಾಡುತ್ತದೆ. ಕೆಲವೇ ವಾರಗಳಲ್ಲಿ ಗಂಟು ಮಾಯವಾಗುತ್ತದೆ ಎಂಬ ಜಾಹೀರಾತನ್ನು ನಂಬಿ ಹಣ ಕಳೆದುಕೊಳ್ಳಬಾರದು.

ಮೊದಲಿಗೆ ಕುಳಿತುಕೊಂಡು, ಹೆಬ್ಬೆರಳನ್ನು ಕೈಯಿಂದ ಮೆಲ್ಲನೆ ನೇರಕ್ಕೆ ತಂದು ನೋಡಿರಿ. ಸುಲಭವಾಗಿ ಬಂದರೆ ಸ್ಪ್ಲಿಂಟ್ ಪ್ರಯತ್ನಿಸಬಹುದು. ಕೀಲು ಬಿಗಿದುಕೊಂಡಿದ್ದರೆ ಒತ್ತಾಯ ಮಾಡಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ಕಾಲಿಗೆ ರಕ್ತಸಂಚಾರ ಕಡಿಮೆಯಿರುವವರು ಮತ್ತು ಅಲ್ಲಿ ಗಾಯವಿರುವವರು ವೈದ್ಯರನ್ನು ಕೇಳದೆ ಕಟ್ಟಿಕೊಳ್ಳಲೇಬಾರದು. ಗಂಟು ದಿಢೀರನೆ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಅದು ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲೂತ) ಅಥವಾ ಸೋಂಕು ಇರಬಹುದಾದ್ದರಿಂದ ತಡಮಾಡದೆ ತೋರಿಸಬೇಕು.

ಗಟ್ಟಿ ಪಟ್ಟಿಯಿರುವ ಸ್ಪ್ಲಿಂಟ್ ರಾತ್ರಿ ಮಲಗುವಾಗಿನದು, ಅದನ್ನು ಕಟ್ಟಿಕೊಂಡು ನಡೆಯುವಂತಿಲ್ಲ. ಹಗಲಿಗೆ ಬೆರಳ ಸಂದಿಯಲ್ಲಿ ಇಡುವ ಮೆತ್ತನೆಯ ಸಿಲಿಕಾನ್ ತುಂಡು ಸಾಕು. ಆದರೆ ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಕೆಸರಿಗಿಳಿದು ನಾಟಿ ಮಾಡುವವರು ಕೆಲಸದ ಹೊತ್ತಿನಲ್ಲಿ ಅದನ್ನೂ ತೆಗೆದಿಡುವುದು ಒಳ್ಳೆಯದು, ಏಕೆಂದರೆ ತೇವ ಸಿಕ್ಕಿಕೊಂಡ ಚರ್ಮ ಬೇಗ ಕೆಡುತ್ತದೆ. ಕಾಲುಂಗುರ ತೆಗೆಯಲು ಮನಸ್ಸೊಪ್ಪದ ತಾಯಂದಿರಿಗೆ ಸಂದಿಯ ತುಂಡು ಉಂಗುರವನ್ನು ಒತ್ತುತ್ತದೆ. ಅಂಥವರು ಹೆಬ್ಬೆರಳನ್ನಷ್ಟೇ ಎಳೆದು ಹಿಡಿಯುವ ರಾತ್ರಿಯ ಸ್ಪ್ಲಿಂಟನ್ನೇ ಆರಿಸಿಕೊಂಡು, ಅದರ ಪಟ್ಟಿ ಉಂಗುರಕ್ಕೆ ತಾಗದಂತೆ ನೋಡಿಕೊಳ್ಳಬೇಕು.

ಕಟ್ಟುವ ಮುನ್ನ ಪಾದ ತೊಳೆದು, ಬೆರಳ ಸಂದಿಗಳನ್ನು ಪೂರ್ತಿ ಒರೆಸಿರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಸೆಕೆಗೆ ಒಳಗೆ ತೆಳುವಾದ ಹತ್ತಿಯ ಬಟ್ಟೆ ಇರಲಿ. ಹಾಸಿಗೆಯ ಮೇಲೆ ಕಾಲು ಚಾಚಿ, ಸ್ಪ್ಲಿಂಟಿನ ಮಡಚುವ ಜಾಗವನ್ನು ಗಂಟಿನ ನೇರಕ್ಕೇ ಹೊಂದಿಸಿ, ಮೊದಲು ಪಾದದ ಪಟ್ಟಿಯನ್ನೂ ನಂತರ ಬೆರಳಿನ ಪಟ್ಟಿಯನ್ನೂ ಅಂಟಿಸಬೇಕು. ಪಾದದ ಪಟ್ಟಿಯ ಅಡಿಯಲ್ಲಿ ಕೈಯ ಒಂದು ಬೆರಳು ತೂರುವಷ್ಟು ಸಡಿಲವಿರಬೇಕು. ಈಗ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿರಿ: ಬೆಳ್ಳಗಾದ ಉಗುರು ಸುಮಾರು 2 ಸೆಕೆಂಡಿನಲ್ಲಿ ಮತ್ತೆ ಕೆಂಪೇರದಿದ್ದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ.

ಮೊದಲ ದಿನ ಅರ್ಧ ಗಂಟೆ ಸಾಕು. ಒಂದೆರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಹೋಗಬಹುದು. ನಮ್ಮ ತಾಯಿಯವರು ಬೇಗ ನೆಟ್ಟಗಾಗಲೆಂದು ಮೊದಲ ರಾತ್ರಿಯೇ ಬಿಗಿದು ಕಟ್ಟಿಕೊಂಡು, ನೋವನ್ನು ಬೆಳಗಿನವರೆಗೂ ತಾಳಿಕೊಂಡರು. ಗಂಟಿನ ಮೇಲೆ ನೀರುಗುಳ್ಳೆ ಎದ್ದು, ಎಂಟು ದಿನ ಚಪ್ಪಲಿ ಮೆಟ್ಟಲಾಗಲಿಲ್ಲ. ನೋವು ತಾಳಿಕೊಂಡಷ್ಟೂ ಗುಣ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಚ್ಚಿದ ಅರ್ಧ ಗಂಟೆಯ ಮೇಲೂ ಕೆಂಪು ಗುರುತು ಉಳಿದರೆ, ಬೆರಳು ಜೋಮು ಹಿಡಿದರೆ, ಸಡಿಲಿಸಬೇಕು ಇಲ್ಲವೇ ನಿಲ್ಲಿಸಬೇಕು. ರಾತ್ರಿ ಏಳಬೇಕಾದರೆ ಬಿಚ್ಚಿಯೇ ಏಳಿರಿ.

ಹಗಲಿಡೀ ಬೆರಳನ್ನು ಒತ್ತುವ ಚಪ್ಪಲಿ ಮೆಟ್ಟಿ ರಾತ್ರಿ ಸ್ಪ್ಲಿಂಟ್ ಕಟ್ಟಿದರೆ ಪ್ರಯೋಜನ ಅಲ್ಪ. ಸಂಜೆ, ಪಾದ ತುಸು ಊದಿರುವ ಹೊತ್ತಿನಲ್ಲಿ, ಹಳೆಯ ಪತ್ರಿಕೆಯ ಮೇಲೆ ಭಾರ ಬಿಟ್ಟು ನಿಂತು ಪಾದದ ಸುತ್ತ ಗೆರೆ ಎಳೆಸಿಕೊಳ್ಳಿರಿ. ಅದರ ಮೇಲೆ ನಿಮ್ಮ ಚಪ್ಪಲಿ ಇಟ್ಟಾಗ ಗೆರೆ ಹೊರಗೆ ಕಂಡರೆ ಆ ಚಪ್ಪಲಿ ಇಕ್ಕಟ್ಟು. ಬೂಟುಗಳೂ ಮುಂಭಾಗ ಅಗಲವಾಗಿ, ಹಿಮ್ಮಡಿ ತಗ್ಗಾಗಿ ಇರಬೇಕು. ಹೆಬ್ಬೆರಳು ತೂರಿಸುವ ಪಟ್ಟಿಯ ಚಪ್ಪಲಿ ಗಂಟಿಗೆ ಉಜ್ಜುತ್ತಿದ್ದರೆ ಬಿಡಬೇಕು.

ಇಷ್ಟಾದ ಮೇಲೂ ನೋವು ತಗ್ಗದಿದ್ದರೆ, ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತತೊಡಗಿದರೆ, ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಎಲುಬು-ಕೀಲು ವಿಭಾಗಕ್ಕೆ ಹೋಗಿರಿ. ನಿಂತ ಭಂಗಿಯಲ್ಲಿ ಎಕ್ಸ್‌-ರೇ ತೆಗೆದು ಬೆರಳು ವಾಲಿದ ಕೋನವನ್ನು ಅಳೆಯುತ್ತಾರೆ. 15 ಡಿಗ್ರಿಯೊಳಗೆ ಸಹಜ, 40 ದಾಟಿದರೆ ತೀವ್ರ. ಎಲುಬನ್ನು ಕತ್ತರಿಸಿ ಸಾಲಿಗೆ ತರುವ ಶಸ್ತ್ರಚಿಕಿತ್ಸೆಯ ಮಾತು ಬರುವುದು ನಡೆಯಲು ತೊಂದರೆಯಾದಾಗ. ಕಾಲು ಚೆಂದ ಕಾಣಲೆಂದು ಮಾತ್ರ ಅದನ್ನು ಮಾಡಿಸಿಕೊಳ್ಳುವುದು ಸರಿಯಲ್ಲ. ಆಸ್ಪತ್ರೆಗೆ ಹೊಸ ಚಪ್ಪಲಿಯಲ್ಲಿ ಹೋಗದೆ, ದಿನವೂ ಮೆಟ್ಟುವುದನ್ನೇ ಮೆಟ್ಟಿಕೊಂಡು ಹೋಗಿರಿ. ಅದರ ಅಟ್ಟೆ ಎಲ್ಲಿ ಸವೆದಿದೆ ಎಂಬುದನ್ನೂ ವೈದ್ಯರಿಗೆ ತೋರಿಸಿರಿ.